ಎತ್ತು ಅಂದಾಗ ಇಳಿಸಿದ ಕೈ

ಭದ್ರಾವತಿ ಹಳೇನಗರದಲ್ಲಿ ಚೌಡಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಚೌಡಪ್ಪ ಎಂದು ನಿಮ್ಮನ್ನೇ ಕೇಳುತ್ತಾರೆ. ಕ್ರೇನ್ ಚೌಡಪ್ಪ ಎಂದರೆ ಸಾಕು, ಮಾಡುವ ಕೆಲಸ ಬಿಟ್ಟು ಬಾಗಿಲವರೆಗೆ ಬಂದು ತೋರಿಸಿ ಹೋಗುತ್ತಾರೆ. ಮಾಚೇನಹಳ್ಳಿಯ, ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದ ಆತ ಅಷ್ಟೂ ವರ್ಷ ನೆಲದ ಮೇಲೆ ನಿಂತು ದುಡಿದವನಲ್ಲ. ಬೆಳಿಗ್ಗೆ ಕಬ್ಬಿಣದ ಏಣಿ ಹತ್ತಿ ಸೂರಿಗೆ ತಾಗಿದಂತಿರುವ ಕ್ಯಾಬಿನ್ನಿನಲ್ಲಿ ಕೂತರೆ ಇಳಿಯುವುದು ಊಟದ ಹೊತ್ತಿಗೆ. ಎಡಗೈಗೆ ಒಂದು ಹಿಡಿ, ಕ್ರೇನನ್ನು ಆಚೆ ಈಚೆ ಓಡಿಸುವುದಕ್ಕೆ. ಬಲಗೈಗೆ ಇನ್ನೊಂದು ಹಿಡಿ, ಹುಕ್ಕನ್ನು ಎತ್ತಿ ಇಳಿಸುವುದಕ್ಕೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಆ ಎರಡು ಹಿಡಿಗಳೇ ಓದು, ಬರಹ, ಡಿಗ್ರಿ ಎಲ್ಲ.

ಅಂಥವನನ್ನು ೨೦೦೫ರ ಫೆಬ್ರವರಿಯ ಒಂದು ಮಂಗಳವಾರ ಕೆಳಗಿಳಿಸಿದರು.

ನಡೆದದ್ದು ಇಷ್ಟು. ಮರಳು ತುಂಬಿದ ಅಚ್ಚಿನ ಪೆಟ್ಟಿಗೆಯೊಂದು ಹುಕ್ಕಿನಲ್ಲಿ ಸೊಂಟದ ಎತ್ತರಕ್ಕೆ ತೂಗುತ್ತಿತ್ತು. ಕೆಳಗೆ ಚೈನು ಕಟ್ಟುವ ಆನಂದ, ಬಿದ್ದ ಕೈಗವಸು ತೆಗೆದುಕೊಳ್ಳಲು ಪೆಟ್ಟಿಗೆಯ ಅಡಿಗೇ ಬಗ್ಗಿದ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ, ಆದರೆ ಮಾಡಿದ. ಫೋರ್‌ಮನ್ ಹೊನ್ನಯ್ಯ ಅದನ್ನು ನೋಡಿ "ಎತ್ತೋ" ಎಂದು ಕೂಗಿದ. ಚೌಡಪ್ಪ ಎತ್ತಿದ. ಪೆಟ್ಟಿಗೆ ಕೆಳಗೆ ಬಂತು. ಆನಂದನ ಬೆನ್ನಿಗೆ ನಾಲ್ಕು ಬೆರಳಿನಷ್ಟು ದೂರ ಇರುವಾಗ ನಿಂತಿತು.

ಏಣಿ ಇಳಿದು ಬಂದವನಿಗೆ ಹೊನ್ನಯ್ಯ ನೀರು ಕೊಟ್ಟ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

"ಏನಾಯ್ತು ಮಾರಾಯ ನಿಂಗೆ? ಎತ್ತು ಅಂದ್ರೆ ಇಳಿಸ್ತೀಯಲ್ಲ."

"ನಾನು ಎತ್ತಿದ್ದು."

"ಎಂತ ಎತ್ತಿದ್ದು? ಆ ಆನಂದನ ಮುಖ ನೋಡು, ಇನ್ನೂ ರಕ್ತ ವಾಪಸ್ ಬಂದಿಲ್ಲ."

"ಹೊನ್ನಯ್ಯ, ನನ್ನ ಕೈ ನಂಗೆ ಗೊತ್ತಿಲ್ವೇನೋ? ನಾನು ಎತ್ತಿದ್ದೇ."

"ಹನ್ನೊಂದು ಜನ ನೋಡಿದ್ದಾರೆ. ನೀನೊಬ್ಬ ಮಾತ್ರ ಬೇರೆ ಸಿನಿಮಾ ನೋಡಿದ್ಯಾ?"

ಚೌಡಪ್ಪ ನೀರಿನ ಲೋಟ ಕುಕ್ಕಿ ಎದ್ದ. ಅವನ ಸಿಟ್ಟು ಊರಿಗೆಲ್ಲ ಗೊತ್ತಿರುವಂಥದ್ದು. ಆದರೆ ಅಂದು ಸಿಟ್ಟು ಯಾರ ಮೇಲೆ ಎಂಬುದೇ ಗೊತ್ತಾಗದೆ ಬಾಗಿಲವರೆಗೆ ಹೋಗಿ ವಾಪಸ್ ಬಂದ. ಹೊನ್ನಯ್ಯ ತೀರ್ಮಾನ ಹೇಳಿದ. ಹದಿನೈದು ದಿನ ಕೆಳಗೆ ಮರಳು ಜರಡಿ. ಶಿವಮೊಗ್ಗಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬರಬೇಕು. ಆಮೇಲೆ ಒಂದು ಸಲ ಹತ್ತಿಸಿ ನೋಡುವುದು. ಸರಿ ಇದ್ದರೆ ಸರಿ. ಇಲ್ಲದಿದ್ದರೆ ಎರಡನೇ ಪಾಳಿಯಲ್ಲಿ ಕ್ರೇನ್ ನಡೆಸುವ ಜ್ಞಾನೇಶನ ಜೊತೆಗೆ ಇನ್ನೊಬ್ಬ ಹುಡುಗನನ್ನು ಕ್ಯಾಬಿನ್ನಿಗೆ ಹಾಕುವುದು, ಚೌಡಪ್ಪನಿಗೆ ಜರಡಿಯೇ ಖಾಯಂ.

ಮನೆಯಲ್ಲಿ ಹೆಂಡತಿ ತುಂಗಮ್ಮ ಎಲ್ಲ ಕೇಳಿಸಿಕೊಂಡಳು.

"ನೀವು ಎತ್ತಿದ್ರೆ ಅದು ಮೇಲೆ ಹೋಗ್ಬೇಕಿತ್ತಲ್ಲ?"

"ಅದನ್ನೇ ನಾನೂ ಕೇಳ್ತಿರೋದು."

"ಯಾರನ್ನ?"

ತುಂಗಮ್ಮ ಅಟ್ಟದ ಮೇಲಿನ ಅವಲಕ್ಕಿ ಡಬ್ಬಿ ಇಳಿಸಿಕೊಡಿ ಎಂದಳು. ಇಳಿಸಿಕೊಟ್ಟ. ಮತ್ತೆ ಅಲ್ಲೇ ಇಡಿ ಎಂದಳು. ಇಟ್ಟ.

"ಸರಿಯಾಗೇ ಇದೆಯಲ್ಲ ಕೈ," ಎಂದಳು.

"ಡಬ್ಬಿಗೆ ಹಿಡಿ ಇದೆಯೇನೇ? ಪರೀಕ್ಷೆ ಮಾಡ್ತಾಳಂತೆ ಪರೀಕ್ಷೆ."

ಕಣ್ಣಿನ ಡಾಕ್ಟರು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿದ್ದರು. ದೊಡ್ಡ ಅಕ್ಷರ, ಸಣ್ಣ ಅಕ್ಷರ, ಬಣ್ಣದ ಚುಕ್ಕೆ ಎಲ್ಲ ಓದಿಸಿ, "ನಿಮ್ಮ ವಯಸ್ಸಿಗೆ ಇಷ್ಟು ಚೆನ್ನಾಗಿರೋ ಕಣ್ಣು ನಾನು ನೋಡಿರೋದೇ ಕಮ್ಮಿ," ಎಂದರು. ಬೇರೆಯವರಾಗಿದ್ದರೆ ಖುಷಿಯಿಂದ ಹೊರಗೆ ಬರುತ್ತಿದ್ದರು. ಚೌಡಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಕಣ್ಣು ಕೆಟ್ಟಿದ್ದರೆ ಕನ್ನಡಕ ಹಾಕಿಕೊಂಡು ಮೇಲೆ ಹತ್ತಬಹುದಿತ್ತು. ಕಣ್ಣು ಸರಿ ಇದೆ ಎಂದರೆ ಕೆಟ್ಟಿರುವುದು ಕೈ. ಕೈಗೆ ಯಾರೂ ಕನ್ನಡಕ ಬರೆದು ಕೊಡುವುದಿಲ್ಲ.

ಹಾಗೆ ಕೂತಿದ್ದಾಗ ಎದುರಿನ ಟೈಲ್ಸ್ ಅಂಗಡಿಯ ಮಹಡಿಯಲ್ಲಿ ಬೋರ್ಡು ಕಂಡಿತು. ಕಂಪ್ಯೂಟರ್ ಗೇಮ್ಸ್ ಎಂದಿತ್ತು, ಪಕ್ಕದಲ್ಲಿ ಬಂದೂಕು ಹಿಡಿದವನ ಚಿತ್ರ. ಚೌಡಪ್ಪನಿಗೆ ನ್ಯೂಟೌನಿನ ಏಕಾಂತಪ್ಪನ ನೆನಪಾಯಿತು, ಅವನಲ್ಲಿ ಆಡುತ್ತಿದ್ದ ಕೋಟೆ ಆಟದ ನೆನಪಾಯಿತು. ಕೈ ನಿಜವಾಗಿ ಹೋಗಿದೆಯೋ ಇಲ್ಲವೋ ನೋಡಬೇಕಾದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎನ್ನಿಸಿತು.

ಏಕಾಂತಪ್ಪ ಎಂದರೆ ಚೌಡಪ್ಪನ ಜೊತೆ ಏಳನೇ ಕ್ಲಾಸಿನವರೆಗೆ ಓದಿದವನು. ಮುಂದೆಯೂ ಓದಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟವನು. ತೊಂಬತ್ತೇಳರಲ್ಲಿ ಟೈಪ್‌ರೈಟರುಗಳ ಪಕ್ಕ ಎರಡು ಕಂಪ್ಯೂಟರ್ ತಂದಿಟ್ಟ. ಅದರೊಳಗೆ ಯಾರೋ ಒಂದು ಗುಂಡು ಹೊಡೆಯುವ ಆಟ ಹಾಕಿದ್ದರು. ಅದರ ಇಂಗ್ಲಿಷ್ ಹೆಸರು ಇಬ್ಬರಿಗೂ ಬೇಕಿರಲಿಲ್ಲ. ಕಲ್ಲಿನ ಗೋಡೆ, ಓಣಿ, ಬಾಗಿಲು, ಮತ್ತೆ ಓಣಿ. ಹಾಗಾಗಿ ಕೋಟೆ ಎಂದೇ ಕರೆದರು. ಆಡುವವನು ಪರದೆಯಲ್ಲಿ ಕಾಣುವುದಿಲ್ಲ. ಅವನ ಬಂದೂಕು ಮಾತ್ರ ಕೆಳಗೆ ನಡುಮಧ್ಯೆ ಕಾಣುತ್ತದೆ, ಅಂದರೆ ನೋಡುತ್ತಿರುವ ಕಣ್ಣು ನಿನ್ನದೇ. ಬಲಗೈ ನಾಲ್ಕು ಬಾಣದ ಗುರುತಿನ ಕೀಲಿಗಳ ಮೇಲೆ. ಎಡಗೈಗೆ ಎರಡೇ ಕೆಲಸ. ಮೂಲೆಯ ಕಂಟ್ರೋಲ್ ಕೀಲಿ ಒತ್ತಿದರೆ ಗುಂಡು, ಉದ್ದದ ಸ್ಪೇಸ್ ಕೀಲಿ ಒತ್ತಿದರೆ ಬಾಗಿಲು. ಮುಖ ತಿರುಗಿದ ಕಡೆಗೇ ಕಾಲು. ಮೇಲೆ ನೋಡುವುದು, ಕೆಳಗೆ ನೋಡುವುದು ಎಂಬುದೇ ಇಲ್ಲ. ಎತ್ತರದಲ್ಲಿ ನಿಂತ ವೈರಿಗೆ ನೇರವಾಗಿ ಹೊಡೆದರೂ ಗುಂಡು ತಾನಾಗಿ ಮೇಲೇರಿ ತಾಗುತ್ತಿತ್ತು. ಅದು ಹೇಗೆ ಎಂದು ಯಾರೂ ಕೇಳಲಿಲ್ಲ. ಪಾಳಿ ಮುಗಿಸಿ ಬಂದು ಚೌಡಪ್ಪ ಆಡಲು ಕೂತರೆ ಟೈಪಿಂಗ್ ಕಲಿಯಲು ಬಂದವರು ಕೈ ನಿಲ್ಲಿಸಿ ನೋಡುತ್ತಿದ್ದರು. ಏಕಾಂತಪ್ಪ ಮೂರನೇ ಮಹಡಿ ದಾಟಿದವನಲ್ಲ. ಚೌಡಪ್ಪ ಕೋಟೆಯನ್ನು ಕಣ್ಣು ಮುಚ್ಚಿ ದಾಟುತ್ತಿದ್ದ. ಇನ್‌ಸ್ಟಿಟ್ಯೂಟಿನಲ್ಲಿ ಅವನಿಗೆ ರಾಜ ಎಂದೇ ಹೆಸರು.

ಟೈಲ್ಸ್ ಅಂಗಡಿಯ ಮಹಡಿಯಲ್ಲಿ ಎಂಟು ಕಂಪ್ಯೂಟರ್ ಇದ್ದವು. ನೋಡಿಕೊಳ್ಳುತ್ತಿದ್ದವಳು ರಶ್ಮಿ ಎಂಬ ಇಪ್ಪತ್ತೈದರ ಹೆಣ್ಣುಮಗಳು.

"ಬ್ರೌಸಿಂಗಾ ಅಂಕಲ್? ಅದು ಪಕ್ಕದ ಬಿಲ್ಡಿಂಗು."

"ಅಲ್ಲಮ್ಮ. ಗುಂಡು ಹೊಡೆಯೋ ಆಟ."

"ಯಾರಿಗೆ?"

"ನಂಗೇ. ಯಾಕೆ, ಲೈಸೆನ್ಸ್ ಬೇಕಾ?"

ಅವಳು ನಕ್ಕು ಮೂಲೆಯ ಕುರ್ಚಿ ತೋರಿಸಿದಳು. ಕೋಟೆ ಎಂದರೆ ಅವಳಿಗೆ ತಿಳಿಯಲಿಲ್ಲ. ವಿವರಿಸಿದ ಮೇಲೆ, "ಅಯ್ಯೋ, ಅದು ಪುರಾತನ ಕಾಲದ್ದು ಅಂಕಲ್. ಈಗ ಇದು," ಎಂದು ಹೊಸದೊಂದನ್ನು ತೆರೆದಳು. ಸಮುದ್ರದ ದಡ, ಹಡಗು, ಸಾಲಾಗಿ ಜೋಡಿಸಿದ ಕಬ್ಬಿಣದ ಪೆಟ್ಟಿಗೆಗಳು, ಅವುಗಳ ಮೇಲೆ ದೊಡ್ಡದೊಂದು ಕ್ರೇನು. ನೆರಳು ಕೂಡ ನಿಜದ ನೆರಳಿನಂತೆ ಬಿದ್ದಿತ್ತು. ಚೌಡಪ್ಪನಿಗೆ ಎದೆ ಹಿಗ್ಗಿತು.

"ಈ ಕ್ರೇನ್ ನಡೆಸ್ಬಹುದಾ?"

"ಇಲ್ಲ. ಅದ್ರ ಮೇಲೆ ಒಬ್ಬ ಕೂತಿರ್ತಾನೆ, ನಿಮಗೆ ಹೊಡೀತಾನೆ."

ಬಲಗೈ ಬಾಣಗಳ ಮೇಲೆ, ಎಡಗೈ ಮೂಲೆಯ ಕೀಲಿಯ ಮೇಲೆ ಇಟ್ಟು ಚೌಡಪ್ಪ ಹೊರಟ. ಎದುರಿಗೆ ಒಬ್ಬ ಬಂದ. ಚೌಡಪ್ಪ ಕಂಟ್ರೋಲ್ ಒತ್ತಿದ. ಗುಂಡು ಹೋಗಲಿಲ್ಲ. ಬದಲಿಗೆ ಇವನೇ ಮೊಣಕಾಲೂರಿ ಕೂತುಬಿಟ್ಟ. ವೈರಿಯ ಎದುರು ಪೂಜೆಗೆ ಕೂತ ಹಾಗೆ ಕೂತು ಸತ್ತ. ಎರಡನೇ ಸಲ ಬಾಗಿಲ ತನಕ ಹೋಗಿ ಸ್ಪೇಸ್ ಒತ್ತಿದ. ಬಾಗಿಲು ತೆರೆಯಲಿಲ್ಲ, ಇವನು ಹಾರಿದ. ಮತ್ತೆ ಒತ್ತಿದ, ಮತ್ತೆ ಹಾರಿದ. ಮುಚ್ಚಿದ ಬಾಗಿಲ ಮುಂದೆ ಆರು ಸಲ ಹಾರಿದವನನ್ನು ಹಿಂದಿನಿಂದ ಯಾರೋ ಹೊಡೆದರು.

"ಬಾಗಿಲು ತೆಗೆಯೋಕೆ ಹಾರ್ಬೇಕಾ? ಯಾವ ಮನೇಲಿ ಇಟ್ಕೊಂಡಿದ್ದಾರೆ ಹೀಗೆ?"

"ಕೈ ಎಲ್ಲ ತಪ್ಪಾಗಿಟ್ಟಿದ್ದೀರ ಅಂಕಲ್," ಎಂದು ರಶ್ಮಿ ಕುರ್ಚಿ ಎಳೆದುಕೊಂಡು ಕೂತಳು. ನಡೆಯುವುದು ಎಡಗೈಯಿಂದ, ಡಬ್ಲ್ಯೂ, ಎ, ಎಸ್, ಡಿ ಎಂಬ ನಾಲ್ಕು ಅಕ್ಷರದ ಕೀಲಿಗಳಲ್ಲಿ. ನೋಡುವುದು ಬಲಗೈಯಿಂದ, ಮೌಸಿನಲ್ಲಿ. ಗುಂಡೂ ಮೌಸಿನಲ್ಲೇ. ಬಾಗಿಲಿಗೆ ಇ ಕೀಲಿ. ಆರ್ ಒತ್ತಿ ಗುಂಡು ತುಂಬಿಕೊಳ್ಳಬೇಕು.

"ತುಂಬಿಕೊಳ್ಳೋದು ಅಂದ್ರೆ? ಖಾಲಿ ಆಗೋವರೆಗೂ ಹೊಡೆಯೋದಲ್ವಾ?"

"ಮೂವತ್ತಕ್ಕೆ ನಿಲ್ಲುತ್ತೆ. ನಿಜವಾದ ಬಂದೂಕಿನ ಹಾಗೆ."

"ನಿಜವಾದದ್ದೇ ಬೇಕಾಗಿದ್ರೆ ಮಿಲಿಟರಿ ಸೇರ್ತಿದ್ದೆ."

ಕಾಲು ಒಂದು ಕಡೆ, ಮುಖ ಒಂದು ಕಡೆ. ಬಲಕ್ಕೆ ನೋಡುತ್ತ ಎಡಕ್ಕೆ ನಡೆಯುವುದು ಯಾವ ಮನುಷ್ಯನಿಗಾದರೂ ಸಾಧ್ಯವೇ ಎಂದು ಅವನು ಕೇಳಿದ. ಎರಡು ನಿಮಿಷದಲ್ಲಿ ತಾನೇ ಉತ್ತರ ಕಂಡುಕೊಂಡ. ಕ್ರೇನಿನಲ್ಲಿ ದಿನವೂ ಅದನ್ನೇ ಮಾಡುತ್ತಿದ್ದನಲ್ಲ? ಎಡಗೈ ಓಡಿಸುತ್ತದೆ, ಬಲಗೈ ಎತ್ತುತ್ತದೆ, ಕಣ್ಣು ಮೂರನೆಯ ಕಡೆ ಇರುತ್ತದೆ. ಹಾಗೆ ನೋಡಿದರೆ ಹೊಸ ಆಟವೇ ಅವನಿಗೆ ಹತ್ತಿರದ್ದು. ಮೂರು ದಿನದಲ್ಲಿ ಓಣಿ ತಪ್ಪದೆ ನಡೆದ, ಬಾಗಿಲು ತೆಗೆದ, ಎದುರಿಗೆ ಬಂದವರನ್ನೆಲ್ಲ ಹೊಡೆದ. ಆದರೆ ಕ್ರೇನಿನ ಮೇಲಿದ್ದವನನ್ನು ಮಾತ್ರ ಹೊಡೆಯಲಾಗಲಿಲ್ಲ. ಅವನು ಮೇಲಿಂದ ಹೊಡೆದ ಕೂಡಲೇ ಚೌಡಪ್ಪನ ಪರದೆ ತುಂಬ ನೆಲ ಕಾಣುತ್ತಿತ್ತು. ನೆಲ ನೋಡುತ್ತ ಸಾಯುವುದು. ಪ್ರತಿ ಸಲ ಅದೇ.

ನಾಲ್ಕನೇ ದಿನ ಮೌಸನ್ನು ಮೇಜಿಗೆ ಕುಕ್ಕಿದ. "ಮೇಲೆ ನೋಡು ಅಂದ್ರೆ ಕೆಳಗೆ ನೋಡುತ್ತೆ ಇದು. ಕೆಟ್ಟಿದೆ. ಬೇರೆ ಕೊಡು."

"ಮೊನ್ನೆ ತಂದಿದ್ದು ಅಂಕಲ್ ಅದು. ನಾನು ನೋಡ್ತಾ ಇದ್ದೀನಿ, ಸುಮ್ನೆ ಇದ್ದಾಗ ಸರಿಯಾಗೇ ಮುಂದಕ್ಕೆ ತಳ್ಳಿ ಮೇಲೆ ನೋಡ್ತೀರ. ಬೆಚ್ಚಿಬಿದ್ರೆ ಮಾತ್ರ ಹಿಂದಕ್ಕೆ ಎಳ್ಕೊಂತೀರ. ಹಿಂದಕ್ಕೆ ಎಳೆದ್ರೆ ಕೆಳಗಲ್ವಾ?"

"ಎಳೆದ್ರೆ ಮೇಲೆ ಕಣಮ್ಮ. ತನ್ನ ಕಡೆ ಎಳ್ಕೊಂಡ್ರೆ ಎತ್ತಿದ ಹಾಗೆ."

"ಯಾರು ಹೇಳಿದ್ದು ನಿಮಗೆ?"

ಯಾರೂ ಹೇಳಿರಲಿಲ್ಲ. ಕೈಗೆ ಗೊತ್ತಿತ್ತು ಅಷ್ಟೆ. ರಶ್ಮಿ ಪರದೆಯಲ್ಲಿ ಏನೇನೋ ಪಟ್ಟಿ ತೆರೆದು ಒಂದು ಸಣ್ಣ ಚೌಕದಲ್ಲಿ ಟಿಕ್ ಹಾಕಿದಳು. "ವಿಮಾನ ಓಡಿಸೋ ಆಟ ಆಡಿದೋರು ಕೆಲವ್ರು ಹೀಗೆ ಉಲ್ಟಾ ಮಾಡ್ಕೋತಾರೆ. ಈಗ ನೋಡಿ."

ಚೌಡಪ್ಪ ನೋಡಿದ. ಕ್ರೇನಿನ ಮೇಲಿನವನು ಹೊಡೆದ. ಬಲಗೈ ಎಳೆಯಿತು, ಪರದೆ ಮೇಲೇರಿತು, ವೈರಿ ಉರುಳಿಬಿದ್ದ. ಮತ್ತೆ ಆಡಿದ, ಮತ್ತೆ ಉರುಳಿಸಿದ. ಪಕ್ಕದ ಕುರ್ಚಿಯ ಕಾಲೇಜು ಹುಡುಗರು ಕಿವಿಯಿಂದ ಹೆಡ್‌ಫೋನ್ ತೆಗೆದು ನೋಡಿದರು. ಐದನೇ ಸಲಕ್ಕೆ ಚೌಡಪ್ಪ ಮೌಸಿನಿಂದ ಕೈ ಎತ್ತಿ ಮೇಜಿನ ಮೇಲಿಟ್ಟ. ನಾಲ್ಕು ತಿಂಗಳ ಹಿಂದಿನ ಮಾತೊಂದು ತಲೆಗೆ ಬಂದಿತ್ತು.

ಫೌಂಡ್ರಿಯ ಹಳೆಯ ಕ್ರೇನು ಸವೆದು, ದಸರೆಯ ಹೊತ್ತಿಗೆ ಎಲ್ಲಿಂದಲೋ ಒಂದು ಸೆಕೆಂಡ್‌ಹ್ಯಾಂಡ್ ಕ್ರೇನು ತಂದು ಕೂರಿಸಿದ್ದರು. ಹಳೆಯದರಲ್ಲಿ ಬಲಗೈ ಹಿಡಿಯನ್ನು ತನ್ನ ಕಡೆ ಎಳೆದರೆ ಹುಕ್ಕು ಮೇಲೆ ಹೋಗುತ್ತಿತ್ತು. ಇದರಲ್ಲಿ ಮುಂದಕ್ಕೆ ತಳ್ಳಿದರೆ ಮೇಲೆ. "ಇದು ಸ್ವಲ್ಪ ಉಲ್ಟಾ, ಎರಡು ದಿನ ನೋಡ್ಕೊಂಡು ಮಾಡು," ಎಂದಿದ್ದ ಹೊನ್ನಯ್ಯ. ಚೌಡಪ್ಪ ಎರಡು ದಿನ ನೋಡಿಕೊಂಡು ಮಾಡಿದ. ಮೂರನೇ ದಿನದಿಂದ ಇಬ್ಬರೂ ಅದನ್ನು ಮರೆತರು. ನಾಲ್ಕು ತಿಂಗಳು ಒಂದು ಮೊಳೆಯೂ ಅತ್ತಿತ್ತ ಆಗಲಿಲ್ಲ. ಆದರೆ "ಎತ್ತೋ" ಎಂಬ ಕೂಗು ಬಿದ್ದಾಗ ಕೈ ಈ ನಾಲ್ಕು ತಿಂಗಳನ್ನು ಕೇಳಲಿಲ್ಲ, ಹತ್ತೊಂಬತ್ತು ವರ್ಷವನ್ನು ಕೇಳಿತು.

ಅಂದರೆ ಅವನು ಎತ್ತಿದ್ದೂ ನಿಜ, ಪೆಟ್ಟಿಗೆ ಇಳಿದದ್ದೂ ನಿಜ.

ಮರುದಿನ ಹೊನ್ನಯ್ಯನನ್ನು ಜರಡಿಯ ಪಕ್ಕ ನಿಲ್ಲಿಸಿಕೊಂಡು ಎಲ್ಲ ಹೇಳಿದ. ಮೋಟಾರಿನ ಎರಡು ವೈರು ಅದಲು ಬದಲು ಮಾಡಿದರೆ ಮುಗಿಯಿತು, ಹಿಡಿ ಮತ್ತೆ ಮೊದಲಿನ ಹಾಗೆ ಆಗುತ್ತದೆ. ಹೊನ್ನಯ್ಯ ಗಮನವಿಟ್ಟು ಕೇಳಿದ.

"ಇದನ್ನ ಯಾವ ಡಾಕ್ಟರು ಹೇಳಿದ್ದು?"

"ಡಾಕ್ಟರಲ್ಲ. ಸವಳಂಗ ರೋಡಲ್ಲಿ ರಶ್ಮಿ ಅಂತ. ಗೇಮ್ಸ್ ಅಂಗಡಿ ಇಟ್ಟಿದ್ದಾಳೆ."

"ನಾನು ನಿನ್ನ ಕಣ್ಣು ತೋರ್ಸೋಕೆ ಕಳಿಸಿದ್ದು, ಚೌಡ."

"ಕಣ್ಣು ಸರಿ ಇದೆಯಂತೆ. ಕೈನೂ ಸರಿ ಇದೆ. ಹಿಡಿ ತಪ್ಪಿದೆ."

ಹೊನ್ನಯ್ಯ ಮರಳನ್ನು ಕಾಲಲ್ಲಿ ಸರಿಸುತ್ತ ಯೋಚಿಸಿದ. "ನೀನು ಹೇಳೋದು ಸರಿ ಇರ್ಬಹುದು. ಆದ್ರೆ ಜ್ಞಾನೇಶ ಕಲ್ತಿದ್ದೇ ಈ ಹೊಸ ಕ್ರೇನಲ್ಲಿ. ನಿಂಗೆ ಸರಿ ಮಾಡಿದ್ರೆ ಅವನಿಗೆ ಉಲ್ಟಾ. ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ ವೈರು ಬದಲಾಯಿಸ್ಕೊಂಡು ಕೂರೋಕಾಗುತ್ತಾ? ಒಂದಿನ ಮರೆತ್ರೆ ಹೆಣ ಬೀಳುತ್ತೆ."

ಇದಕ್ಕೆ ಚೌಡಪ್ಪ ಸಿಟ್ಟಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಮಾತು ಸರಿಯಾಗಿತ್ತು. ಆಟದಲ್ಲಿ ಪ್ರತಿಯೊಬ್ಬನಿಗೂ ಅವನವನ ಚೌಕ ಇದೆ, ಬೇಕಾದವನು ಟಿಕ್ ಹಾಕಿಕೊಳ್ಳುತ್ತಾನೆ. ಕ್ರೇನಿಗೆ ಅಂಥ ಚೌಕವಿಲ್ಲ.

ಅಂದು ಮಧ್ಯಾಹ್ನ ಮೂರೂವರೆಗೆ ಮತ್ತೆ ಟೈಲ್ಸ್ ಅಂಗಡಿಯ ಮಹಡಿ ಹತ್ತಿದ.

"ಆ ಟಿಕ್ ತೆಗೆದುಬಿಡಮ್ಮ."

"ಯಾಕೆ ಅಂಕಲ್? ನಿನ್ನೆ ಅಷ್ಟು ಚೆನ್ನಾಗಿ ಆಡಿದ್ರಿ."

"ಅದಕ್ಕೇ ತೆಗಿ. ಇನ್ನೊಂದು ಕೆಲಸ ಮಾಡ್ಬೇಕು ನೀನು. ನಾನು ಆಡ್ತಾ ಇದ್ದಾಗ ಹಿಂದಿನಿಂದ ಬಂದು ಕೂಗ್ಬೇಕು. ಎತ್ತು ಅಂತ. ನಂಗೆ ಗೊತ್ತಾಗ್ಬಾರದು ಯಾವಾಗ ಅಂತ."

ರಶ್ಮಿ ಅವನ ಮುಖ ನೋಡಿದಳು. ಆನಂದನ ಬೆನ್ನಿನ ಕಥೆ ಅವನು ಪೂರ್ತಿ ಹೇಳಿದ ಮೇಲೆ ಒಪ್ಪಿದಳು.

ಅಲ್ಲಿಂದ ಎಂಟು ದಿನ ಆ ಮಹಡಿಯಲ್ಲಿ ನಡೆದದ್ದನ್ನು ನೋಡಿದವರು ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಬಿಲ್ಲು ಬರೆಯುತ್ತ ಕೂತವಳು ಇದ್ದಕ್ಕಿದ್ದಂತೆ "ಎತ್ತು ಅಂಕಲ್" ಎಂದು ಕಿರುಚುತ್ತಿದ್ದಳು. ಚೌಡಪ್ಪ ಕುರ್ಚಿಯಿಂದ ಅರ್ಧ ಎದ್ದು ಮೌಸ್ ಎಳೆಯುತ್ತಿದ್ದ, ನೆಲ ನೋಡುತ್ತಿದ್ದ, ಸಾಯುತ್ತಿದ್ದ. ಒಬ್ಬ ಗಿರಾಕಿ ಗಾಬರಿಯಿಂದ ತನ್ನ ಬ್ಯಾಗನ್ನೇ ಎತ್ತಿ ಹಿಡಿದ. ಮೂರನೇ ದಿನಕ್ಕೆ ಹತ್ತು ಕೂಗಿಗೆ ಮೂರು ಸಲ ಕೈ ಮುಂದಕ್ಕೆ ಹೋಯಿತು. ಐದನೇ ದಿನ ಆರು ಸಲ. ಆರನೇ ದಿನ ಮತ್ತೆ ಎರಡಕ್ಕೆ ಇಳಿಯಿತು. ಅದು ಯಾಕೆ ಎಂದು ಅವನಿಗೂ ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ.

ಮನೆಯಲ್ಲಿ ಇನ್ನೊಂದು ಫಜೀತಿ. ತಳ್ಳುವ ಬಾಗಿಲನ್ನು ಎಳೆದ, ಎಳೆಯುವ ಬಾಗಿಲನ್ನು ತಳ್ಳಿದ. ನಲ್ಲಿ ನಿಲ್ಲಿಸಲು ಹೋಗಿ ಜೋರು ಮಾಡಿದ.

"ನೀವು ರಿಪೇರಿಗೆ ಹೋಗ್ತಿದ್ದೀರೋ, ಕೆಡಿಸ್ಕೊಳ್ಳೋಕೆ ಹೋಗ್ತಿದ್ದೀರೋ?" ಎಂದಳು ತುಂಗಮ್ಮ ಒದ್ದೆ ಸೀರೆ ಹಿಂಡುತ್ತ.

"ಯಾವುದೋ ಒಂದಕ್ಕೆ ಹೋಗ್ತಿದ್ದೀನಿ."

ಹದಿನಾರನೇ ದಿನ ಬೆಳಿಗ್ಗೆ ಚೌಡಪ್ಪ ಏಣಿ ಹತ್ತಿದ. ಎರಡೂ ಹಿಡಿ ಹಿಡಿದ. ಕೆಳಗೆ ಯಾರನ್ನೂ ನಿಲ್ಲಿಸದೆ, ಖಾಲಿ ಪೆಟ್ಟಿಗೆಯೊಂದನ್ನು ಹುಕ್ಕಿಗೆ ಹಾಕಿಸಿ ಹೊನ್ನಯ್ಯ ಅತ್ತ ಒಯ್ಯಿಸಿದ, ಇತ್ತ ತರಿಸಿದ, ಗೆರೆ ಎಳೆದ ಜಾಗದಲ್ಲೇ ಇಳಿಸಲು ಹೇಳಿದ. ಎಲ್ಲ ಸರಿ ಹೋಯಿತು. ಅದು ಸರಿ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕು ತಿಂಗಳೂ ಸರಿ ಹೋಗಿತ್ತಲ್ಲ. ಪೆಟ್ಟಿಗೆ ಸೊಂಟದ ಎತ್ತರಕ್ಕೆ ಬಂದಾಗ ಹೊನ್ನಯ್ಯ ಬೆನ್ನು ತಿರುಗಿಸಿ ಆನಂದನ ಜೊತೆ ಏನೋ ಮಾತಾಡತೊಡಗಿದ. ಮಾತಿನ ಮಧ್ಯೆ, ತಿರುಗದೆಯೇ, "ಎತ್ತೋ" ಎಂದು ಕೂಗಿದ.

ಪೆಟ್ಟಿಗೆ ಮೇಲೆ ಹೋಯಿತು.

ಕೆಳಗಿದ್ದವರು ತಲೆ ಎತ್ತಿ ನೋಡುತ್ತ ನಿಂತರು. ಹೊನ್ನಯ್ಯ ಊಟದೊಳಗೆ ಇನ್ನೂ ನಾಲ್ಕು ಸಲ ಹಾಗೇ ಕೂಗಿದ. ನಾಲ್ಕೂ ಸಲ ಮೇಲೆ.

"ನಾಳೆಯಿಂದ ನಿನ್ನ ಪಾಳಿ ನಿಂದೇ," ಎಂದ ಇಳಿದು ಬಂದವನಿಗೆ. "ತಳ್ಳಿದ್ಯಾ, ಎಳೆದ್ಯಾ?"

"ಗೊತ್ತಿಲ್ಲ ಮಾರಾಯ. ಮೇಲೆ ಹೋಯ್ತಲ್ಲ."

ಸಂಜೆ ಖುಷಿಗೆ ನ್ಯೂಟೌನಿಗೆ ಹೋದ. ಏಕಾಂತಪ್ಪನ ಹಳೆಯ ಎರಡು ಕಂಪ್ಯೂಟರುಗಳಲ್ಲಿ ಒಂದು ಇನ್ನೂ ಬದುಕಿತ್ತು, ಅದರಲ್ಲಿ ಕೋಟೆಯೂ ಬದುಕಿತ್ತು. ಏಕಾಂತಪ್ಪ ಕುರ್ಚಿ ಒರೆಸಿ ಕೊಟ್ಟ. "ಬಾ ರಾಜ, ಎಷ್ಟು ದಿನ ಆಯ್ತು ಸಿಂಹಾಸನ ಹತ್ತಿ."

ಕೋಟೆಯ ಮೊದಲ ಓಣಿ ತೆರೆಯಿತು. ಚೌಡಪ್ಪ ನಡೆಯಲು ಹೊರಟ. ನಡೆಯಲಿಲ್ಲ. ನೋಡಿದರೆ ಎಡಗೈ ಡಬ್ಲ್ಯೂ ಮೇಲಿತ್ತು. ಬಲಗೈ ಮೇಜಿನ ಮೇಲೆ ಇಲ್ಲದ ಮೌಸನ್ನು ಹುಡುಕುತ್ತಿತ್ತು. ಸರಿಪಡಿಸಿಕೊಂಡು ಬಾಣಗಳ ಮೇಲೆ ಕೈ ಇಟ್ಟ. ಬಾಗಿಲ ಮುಂದೆ ಇ ಒತ್ತಿ ಕಾದ. ಬಾಗಿಲು ಗೋಡೆಯ ಹಾಗೆ ನಿಂತೇ ಇತ್ತು. ಹಿಂದಿನಿಂದ ಬಂದ ಮೊದಲನೇ ಕಾವಲುಗಾರ, ಒಂದು ಕಾಲದಲ್ಲಿ ಇವನ ಕೈಯಲ್ಲಿ ದಿನಕ್ಕೆ ಹತ್ತು ಸಲ ಸತ್ತವನು, ಇವನನ್ನು ಹೊಡೆದು ಹಾಕಿದ.

ಏಕಾಂತಪ್ಪ ಕನ್ನಡಕ ತೆಗೆದು ನಕ್ಕ. "ಮೊದಲನೇ ಕೋಣೇಲೇ ಹೋದ್ಯಲ್ಲೋ. ಎರಡು ದಿನ ಆಡು, ವಾಪಸ್ ಬರುತ್ತೆ ಕೈ."

ಚೌಡಪ್ಪ ಕೀಲಿಗಳ ಮೇಲಿಂದ ಕೈ ತೆಗೆದ.

"ಬೇಡ. ಅದು ವಾಪಸ್ ಬಂದ್ರೆ ಇದು ಹೋಗುತ್ತೆ."

"ಇದ್ರಲ್ಲಿ ಮೇಲೆ ಕೆಳಗೆ ನೋಡೋದೇ ಇಲ್ವಲ್ಲೋ. ನಿನ್ನ ಕ್ರೇನಿಗೂ ಇದಕ್ಕೂ ಎಂತ ಸಂಬಂಧ?"

"ನಂಗೇನು ಗೊತ್ತು? ನಂಗೆ ಗೊತ್ತಿಲ್ಲದ್ದೇ ಎಷ್ಟೋ ಗೊತ್ತಿದೆ ಇದಕ್ಕೆ," ಎಂದು ಬಲಗೈ ತೋರಿಸಿದ. "ನೀನು ಆಡು. ನಾನು ನೋಡ್ತೀನಿ."

ಏಕಾಂತಪ್ಪ ಕುರ್ಚಿಗೆ ಬಂದು ಕೂತ. ಚೌಡಪ್ಪ ಪಕ್ಕದ ಸ್ಟೂಲಿನ ಮೇಲೆ ಎರಡೂ ಕೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡು ಕೂತು, ಎಡಕ್ಕೆ ತಿರುಗು, ಬಾಗಿಲು ತೆಗಿ, ಹೊಡಿ ಎಂದು ಬಾಯಲ್ಲೇ ಹೇಳಿಕೊಡುತ್ತ ಹೋದ. ಆ ಸಂಜೆ ಏಕಾಂತಪ್ಪ ಮೊದಲ ಸಲ ಮೂರನೇ ಮಹಡಿ ದಾಟಿದ.